ಮ್ಯಾಟಿನ ಕೆಳಗಿನ ಹಲಗೆಗಳು

ನನಗೆ ಅನುಮಾನ ಜಾಸ್ತಿ. ಕೆಲವು ಮನೆತನಗಳಲ್ಲಿ ಸಕ್ಕರೆ ಕಾಯಿಲೆ ಇರುವ ಹಾಗೆ ನಮ್ಮ ಕಡೆಯ ಹೆಂಗಸರಿಗೆ ಇದು. ನಮ್ಮವ್ವ ಹಾಲು ಹಾಕಿಸಿಕೊಂಡ ಮೇಲೆ ಬೆರಳು ಅದ್ದಿ, ಹನಿ ಹೇಗೆ ಬೀಳುತ್ತದೆ ಅಂತ ನೋಡಿಯೇ ಒಳಗೆ ಹೋಗುತ್ತಿದ್ದಳು. ನಾನು ಅವಳಿಗಿಂತ ಒಂದು ಕೈ ಮೇಲು. ಮದುವೆ ಮನೆಗೆ ಹೋದರೆ ಎಡಗಾಲಿನ ಚಪ್ಪಲಿ ಒಂದು ಕಡೆ, ಬಲಗಾಲಿನದು ಇನ್ನೊಂದು ಕಡೆ ಬಿಟ್ಟು ಒಳಗೆ ಹೋಗುವವಳು. ನಮ್ಮ ಯಜಮಾನರು ಕೆ.ಆರ್. ನಗರದಲ್ಲಿ ಮೇಷ್ಟ್ರು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾರೆ, ಯಾರು ಏನು ಹೇಳಿದರೂ ನಂಬುತ್ತಾರೆ. ಮನೆಗೆ ಒಬ್ಬರು ನಂಬುವವರಿದ್ದರೆ ಸಾಕು, ಇಬ್ಬರೂ ನಂಬಿಕೊಂಡು ಕೂತರೆ ಸಂಸಾರ ನಡೆದ ಹಾಗೇ ಅಂತ ನನ್ನ ವಾದ.

ನಮ್ಮದು ಗಾವಡಗೆರೆ ಕಡೆ ಹೊಗೆಸೊಪ್ಪು ಬೆಳೆಯುವ ಜಮೀನು. ಜೊತೆಗೆ ಒಂದಿಷ್ಟು ಶುಂಠಿ. ಮೇಷ್ಟ್ರಿಗೆ ಪಾಠ, ನನಗೆ ಹೊಲ. ಹೊಗೆಸೊಪ್ಪು ಹದ ಮಾಡಿ ಬೇಲು ಕಟ್ಟಿ ಹುಣಸೂರಿಗೋ ಪಿರಿಯಾಪಟ್ಟಣಕ್ಕೋ ಹರಾಜಿಗೆ ಸಾಗಿಸುವ ಹೊತ್ತಿಗೆ ಸರಿಯಾಗಿ ಒಂದು ಮಳೆ ಬಂದೇ ಬರುತ್ತದೆ. ಒಂದು ವರ್ಷ ತೆರೆದ ಟ್ರೇಲರಿನಲ್ಲಿ ಟಾರ್ಪಾಲು ಹೊದಿಸಿ ತಗೊಂಡು ಹೋದ ಬೇಲುಗಳು ದಾರಿಯಲ್ಲೇ ಒಂದು ಮಗ್ಗುಲು ನೆನೆದವು. ಹರಾಜಿನಲ್ಲಿ ಕೊಳ್ಳುವವರು ಮೂಸಿ ನೋಡಿ ಮುಂದಕ್ಕೆ ಹೋದರು, ಮತ್ತೆ ತಿರುಗಿಯೂ ನೋಡಲಿಲ್ಲ. ಟಾರ್ಪಾಲಿನ ಹಗ್ಗವನ್ನು ಬೇಕೆಂದೇ ಯಾರೋ ಸಡಿಲ ಮಾಡಿದ್ದರು ಅಂತ ನನಗೆ ಇವತ್ತಿಗೂ ಅನುಮಾನ. ಆ ವರ್ಷವೇ ಹಟ ಹಿಡಿದು, ಟ್ರ್ಯಾಕ್ಟರಿನ ಟ್ರೇಲರಿಗೆ ನಾಲ್ಕೂ ಕಡೆ ಮತ್ತು ಮೇಲೆ ತಗಡು ಹೊಡೆಸಿ, ಹಿಂದೆ ಎರಡು ಬಾಗಿಲು ಇಡಿಸಿ, ಬೀಗ ಹಾಕುವ ಹಾಗೆ ಮಾಡಿಸಿದೆ. ಊರಲ್ಲಿ ಅದನ್ನು ಕೋಳಿಗೂಡು ಅಂದರು. ಅನ್ನಲಿ ಬಿಡಿ, ನನ್ನ ಬೇಲು ನೆನೆಯದಿದ್ದರೆ ಸಾಕಿತ್ತು.

ತಳಕ್ಕೆ ಕಬ್ಬಿಣದ ಶೀಟು ಹಾಕೋಣ ಅಂತ ಹುಣಸೂರಿನ ವರ್ಕ್‌ಶಾಪಿನವರು ಹೇಳಿದರು. ನಾನು ಬೇಡ ಅಂದೆ. ಆಗಷ್ಟೇ ಪಿರಿಯಾಪಟ್ಟಣದ ಹತ್ತಿರ ನಮ್ಮಣ್ಣಂದಿರು ನಾವು ಹುಟ್ಟಿ ಬೆಳೆದ ಹೆಂಚಿನ ಮನೆ ಕೆಡವಿ ತಾರಸಿ ಮನೆ ಹಾಕಿಸುತ್ತಿದ್ದರು. ಆ ಮನೆಯ ಅಟ್ಟದ ಹಲಗೆಗಳು ನಂದಿ ಮರದವು, ಅಂಗೈ ದಪ್ಪ. ಚಿಕ್ಕವಳಿದ್ದಾಗ ಯಾರ ಮೇಲಾದರೂ ಸಿಟ್ಟು ಬಂದರೆ ನಾನು ಹೋಗಿ ಕೂರುತ್ತಿದ್ದದ್ದು ಆ ಅಟ್ಟದ ಮೇಲೆ, ಕುಂಬಳಕಾಯಿಗಳ ಮಧ್ಯೆ. ಅಣ್ಣಂದಿರು ಅವನ್ನು ಸೌದೆಗೆ ಒಡೆಸುವ ಮಾತಾಡುತ್ತಿದ್ದರು. ನಾನು ಹೋಗಿ ನನಗೆ ಬೇರೆ ಏನೂ ಬೇಡ, ಇಷ್ಟು ಕೊಡಿ ಅಂತ ಕೇಳಿ, ಲೋಡ್ ಮಾಡಿಸಿಕೊಂಡು ಬಂದೆ. ತವರಿನಿಂದ ನನ್ನ ಪಾಲಿಗೆ ಬಂದದ್ದು ಅದೇ. ಅದನ್ನೇ ಟ್ರೇಲರಿನ ತಳಕ್ಕೆ ಹಾಸಿಸಿದೆ.

ಹಾಸಿಸಿದ ಮೇಲೆ ಶುರುವಾಯಿತು ನನ್ನ ಚಿಂತೆ. ಶುಂಠಿ ಮೂಟೆಯ ಕೆಮ್ಮಣ್ಣು, ಗೊಬ್ಬರದ ಚೀಲ, ಆಳುಗಳ ಕಾಲಿನ ಕೆಸರು, ಎಳೆದು ಹಾಕುವ ಪೈಪುಗಳು, ಇವೆಲ್ಲ ಆ ಹಲಗೆಯ ಮೇಲೆ. ಬಡಗಿ, ಹೊಂಗೆ ಎಣ್ಣೆ ಹಚ್ಚಿ, ಹಲಗೆ ಹಲಗೆಯ ಮಧ್ಯೆ ಸಂದು ಬಿಟ್ಟಿದ್ದೀನಿ, ಹಾಗೇ ಇರಲಿ ಅಂದ. ಸಂದು ಯಾಕೆ ಬಿಟ್ಟ, ಕೆಲಸ ಬೇಗ ಮುಗಿಸೋದಕ್ಕಾ ಅಂತ ನನಗೆ ಅನುಮಾನ. ಮೈಸೂರಿನಿಂದ ದಪ್ಪನೆಯ ಕರೀ ರಬ್ಬರ್ ಮ್ಯಾಟು ತರಿಸಿ, ಗೋಡೆಯಿಂದ ಗೋಡೆಗೆ ಒಂದು ಚೂರೂ ಜಾಗ ಬಿಡದ ಹಾಗೆ ಹಾಸಿ, ಸುತ್ತ ಅಲ್ಯೂಮಿನಿಯಂ ಪಟ್ಟಿ ಇಟ್ಟು ಸ್ಕ್ರೂ ಬಿಗಿಸಿಬಿಟ್ಟೆ. ಮೇಲೆ ನಿಂತು ನೋಡಿದರೆ ಕಣ್ಣು ತಂಪಾಯಿತು. ಇನ್ನು ಯಾರು ಬೇಕಾದರೂ ಬರಲಿ ಅನ್ನಿಸಿತು.

ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಅಂತರಸಂತೆ ಕಡೆಯ ಹಾಡಿಯವನು. ಕಾಡಿನ ಅಂಚಿನ ಗಿರಿಜನರ ಹಾಡಿಗಳಿಂದ ನಮ್ಮ ಕಡೆ ಕೂಲಿಗೆ ಬರುವವರು ಬಹಳ ಮಂದಿ. ಆದರೆ ಟ್ರ್ಯಾಕ್ಟರ್ ಓಡಿಸಲು ಕಲಿತು ಲೈಸೆನ್ಸ್ ಮಾಡಿಸಿಕೊಂಡವನು ನಾನು ಕಂಡ ಹಾಗೆ ಅವನೊಬ್ಬನೇ. ನಲವತ್ತರ ಆಸುಪಾಸು, ಮಾತು ಕಡಿಮೆ. ನಮ್ಮ ಹೊಲದ ಪಕ್ಕದ ಕೋಣೆಯಲ್ಲಿ ಇರುತ್ತಿದ್ದ, ಸಂತೆ ದಿನ ಹಾಡಿಗೆ ಹೋಗಿ ಹೆಂಡತಿ ಮಕ್ಕಳನ್ನು ನೋಡಿಕೊಂಡು ಬರುತ್ತಿದ್ದ. ಮ್ಯಾಟು ಬಿಗಿಸಿದ ದಿನ ಒಳಗೆ ಹತ್ತಿ, ಹೆಬ್ಬೆರಳಿನಿಂದ ಅದುಮಿ ಅದುಮಿ ನೋಡಿದ.

"ಅಕ್ಕ, ಮರ ಉಸ್ರಾಡ್ಬೇಕು ಕಣಕ್ಕ. ಇಂಗೆ ರಬ್ಬರ್ ಒದ್ಸಿ ಮೂತಿ ಮುಚ್ಚುದ್ರೆ ಒಳಗೇ ಕೊಳೀತದೆ."

"ಕೊಳೆಯಕ್ಕೆ ಅದೇನು ಬದನೆಕಾಯೇನಪ್ಪ? ನಮ್ಮಜ್ಜನ ಕಾಲದ ಮರ ಅದು. ನೀನು ಒಂದು ಸ್ಕ್ರೂನೂ ಮುಟ್ಟಬೇಡ, ಗೊತ್ತಾಯ್ತಾ?"

"ಆಯ್ತಕ್ಕ" ಅಂದ. ಅವನ "ಆಯ್ತಕ್ಕ" ಎಷ್ಟು ಬೇಗ ಬಂತು ಅಂದರೆ ನನಗೆ ಅಲ್ಲೇ ಅನುಮಾನ ಬರಬೇಕಿತ್ತು. ಆದರೆ ಆವತ್ತು ಮ್ಯಾಟಿನ ಸಂತೋಷದಲ್ಲಿದ್ದೆ.

ಹೊಗೆಸೊಪ್ಪಿನ ಕಾಲ ಚೆನ್ನಾಗಿ ನಡೆಯಿತು. ಒಂದು ಬೇಲೂ ನೆನೆಯಲಿಲ್ಲ. ಆಮೇಲೆ ಶುಂಠಿ ಕೀಳುವುದು ಶುರುವಾಯಿತು. ನಮ್ಮದು, ಅಕ್ಕಪಕ್ಕದವರದು, ಬಾಡಿಗೆಗೆ ಅಂತ ಮೈಸೂರಿನ ತನಕ ಗಾಡಿ ಹೋಗಿ ಬರುತ್ತಿತ್ತು. ಹಸಿ ಶುಂಠಿ ಇಳಿಸಿ ಬಂದ ಮೇಲೆ ಒಳಗೆಲ್ಲ ಮಣ್ಣು. ನಾನು ಪೈಪು ಹಿಡಿಸಿ, ಮ್ಯಾಟು ಫಳಫಳ ಅನ್ನುವ ತನಕ ತೊಳೆಸುತ್ತಿದ್ದೆ. ತೊಳೆಸಿದ ಕೂಡಲೇ ಎರಡೂ ಬಾಗಿಲು ಹಾಕಿ ಬೀಗ ಜಡಿಯುತ್ತಿದ್ದೆ. ತೆರೆದಿಟ್ಟರೆ ಇಲಿ ಹೋಗುತ್ತದೆ, ಇಲಿಗಿಂತ ದೊಡ್ಡವೂ ಹೋಗಬಹುದು. ಒಂದು ಕೀ ನನ್ನ ಹತ್ತಿರ, ಇನ್ನೊಂದು ಅವನ ಹತ್ತಿರ.

ಒಂದು ದಿನ ಬಾಗಿಲು ತೆಗೆದಾಗ ಕಣ್ಣಿಗೆ ಬಿತ್ತು. ಬಲಗಡೆಯ ಪಟ್ಟಿಯ ಸ್ಕ್ರೂಗಳ ತಲೆ ಹೊಳೆಯುತ್ತಿದ್ದವು. ಎಡಗಡೆಯವು ಮಂಕಾಗಿದ್ದವು. ಬಗ್ಗಿ ನೋಡಿದೆ. ಬಲಗಡೆ ಸಾಲಿಗೆ ಯಾರೋ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದ್ದಾರೆ, ಒಂದು ಸಲ ಅಲ್ಲ, ಹತ್ತಾರು ಸಲ. ಆದರೂ ಬಾಯಿ ಬಿಡಲಿಲ್ಲ. ಅನುಮಾನ ಇರುವವರಿಗೆ ತಾಳ್ಮೆಯೂ ಇರುತ್ತದೆ.

ಅದಾದ ವಾರಕ್ಕೆ ನಾನು ಮೈಸೂರಿನಿಂದ ಬರುತ್ತಾ ಬಿಳಿಕೆರೆಯಲ್ಲಿ ಇಳಿದೆ. ಅಲ್ಲಿ ಹೈವೇ ಪಕ್ಕ ಟೀ ಅಂಗಡಿ ಇಟ್ಟಿರುವ ಹೆಂಗಸು ನಮಗೆ ದೂರದಿಂದ ನೆಂಟಳು. ರಸ್ತೆಯಲ್ಲಿ ಯಾವ ಗಾಡಿ ಹೋಯಿತು, ಯಾವುದು ನಿಂತಿತು ಎಲ್ಲ ಅವಳ ಬಾಯಲ್ಲಿರುತ್ತದೆ. ಟೀ ಲೋಟ ಕೈಗೆ ಕೊಡುತ್ತಲೇ ಶುರುಮಾಡಿದಳು.

"ನಿಮ್ ಕೋಳಿಗೂಡು ಮೊನ್ನೆ ಇಲ್ಲೇ ಒಂಗೆ ಮರ್ದಾಚೆ ಬಿಸ್ಲಲ್ಲಿ ನಿಂತಿತ್ತು ಕಣಕ್ಕೋ. ಎಲ್ಡೂ ಬಾಗ್ಲು ತೆಗ್ದು ಒಳಗೇ ಇದ್ದ ನಿಮ್ ಡ್ರೈವರು. ಟೀ ಕುಡ್ಯಾಕೂ ಬರ್ನಿಲ್ಲ. ಏನಿಲ್ಲ ಅಂದ್ರೂ ಒಂದ್ ಗಂಟೆ."

"ಏನ್ ಮಾಡ್ತಿದ್ದ?"

"ನಂಗೆ ಬೆನ್ನು ಮಾತ್ರ ಕಾಣ್ತಿತ್ತು. ಬಗ್ಗಿ ಬಗ್ಗಿ ಏನೋ ಮಾಡ್ತಿದ್ದ." ಆಮೇಲೆ ದನಿ ಇಳಿಸಿ, "ಕೋಟೆ ಕಡೆಯೋನು ಅಲ್ವಾ?" ಅಂದಳು.

ಎಚ್.ಡಿ. ಕೋಟೆ ಕಡೆಯವನು, ಹಾಡಿಯವನು, ಮ್ಯಾಟಿನ ಕೆಳಗೆ ಕೈ ಹಾಕುವವನು. ಇಷ್ಟು ಸಾಕಾಯಿತು ನನಗೆ. ಕಾಡಿನಿಂದ ಮರದ ತುಂಡು ಬರುತ್ತವೆ, ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬೀಳುತ್ತವೆ ಅಂತೆಲ್ಲ ನಾವು ಕೇಳುತ್ತಲೇ ಇರುತ್ತೇವೆ. ಗಾಡಿ ನನ್ನ ಹೆಸರಲ್ಲಿದೆ. ಸಿಕ್ಕಿಬಿದ್ದರೆ ಸ್ಟೇಷನ್ ಮೆಟ್ಟಿಲು ಹತ್ತುವವಳು ನಾನು. "ಮ್ಯಾಟಿನಡಿ ಏನೋ ಸಾಗಿಸ್ತಾ ಇದ್ದಾನೆ ಅನ್ಸುತ್ತೆ" ಅಂದೆ ಅವಳಿಗೆ. ಅನ್ಸುತ್ತೆ ಅಂದದ್ದು ನನಗೆ ಚೆನ್ನಾಗಿ ನೆನಪಿದೆ. ಆ ಒಂದು ಪದವನ್ನು ಹಿಡಿದುಕೊಂಡು ನಾನು ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. "ಅವನನ್ನೇ ಕೇಳಬಾರದಾ?" ಅಂದರು. ಕಳ್ಳತನ ಮಾಡುವವನು ಕೇಳಿದ ತಕ್ಷಣ ಹೂಂ, ಮಾಡುತ್ತೇನೆ ಅನ್ನುತ್ತಾನಾ? ಇವರಿಗೆ ಮಕ್ಕಳಿಗೆ ಪ್ರಶ್ನೆ ಕೇಳಿ ಕೇಳಿ ಅಭ್ಯಾಸ. ಉತ್ತರ ಬರುತ್ತದೆ ಅಂದುಕೊಂಡಿದ್ದಾರೆ.

ನಾನು ನನ್ನದೇ ದಾರಿ ಹುಡುಕಿದೆ. ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಬಿಟ್ಟ ಕೈಯಲ್ಲೇ ಹೋಗಿ, ಬಲಗಡೆಯ ಪಟ್ಟಿಯ ಉದ್ದಕ್ಕೂ ಸಣ್ಣ ಎಳೆ ಎಳೆದೆ. ಅರ್ಧ ಮ್ಯಾಟಿನ ಮೇಲೆ, ಅರ್ಧ ಪಟ್ಟಿಯ ಮೇಲೆ. ಮ್ಯಾಟು ಎತ್ತಿದರೆ ಎಳೆ ಮುರಿಯಲೇಬೇಕು. ಕರೀ ರಬ್ಬರಿನ ಮೇಲೆ ಬಿಳೀ ಎಳೆ ಲಕ್ಷಣವಾಗಿಯೇ ಕಾಣುತ್ತಿತ್ತು. ಆವತ್ತು ಅವನು ಖಾಲಿ ಗಾಡಿ ತಗೊಂಡು ಹುಣಸೂರಿಗೆ ಗೊಬ್ಬರ ತರಲು ಹೋದ. ಮಧ್ಯಾಹ್ನದ ಹೊತ್ತಿಗೆ ವಾಪಸ್ಸು ಬಂದ. ಮಧ್ಯಕ್ಕೆ ಒಟ್ಟಿದ್ದ ಮೂಟೆ ಇಳಿಸಿದ ಮೇಲೆ ನಾನು ಒಳಗೆ ಹತ್ತಿ ನೋಡಿದೆ.

ಎಳೆ ಇತ್ತು. ಆದರೆ ನನ್ನದಲ್ಲ. ನನ್ನ ಎಳೆ ದಾರದಷ್ಟು ಸಣ್ಣಗಿತ್ತು, ಇದು ಕಿರುಬೆರಳಿನಷ್ಟು ದಪ್ಪ. ನನ್ನದು ಬಿಳಿ, ಇದು ಬೂದು ಬಣ್ಣ. ಮುಟ್ಟಿ ನೋಡಿದರೆ ಒಲೆಯ ಬೂದಿ. ಮ್ಯಾಟು ಎತ್ತಿ, ಮಾಡುವುದನ್ನು ಮಾಡಿ, ಮುಚ್ಚಿ, ಅದರ ಮೇಲೆ ನನ್ನ ರಂಗೋಲಿಯನ್ನೂ ತಿದ್ದಿದ್ದ. ಇಷ್ಟು ಪಳಗಿದ ಕೈ ಇವನದು ಅಂತ ಮೈಯೆಲ್ಲ ಉರಿಯಿತು. ನಾನೇ ಸ್ಕ್ರೂಡ್ರೈವರ್ ತಂದು ಆ ಬದಿಯನ್ನು ಬಿಚ್ಚಿದೆ. ಬಾಗಿಲ ಹತ್ತಿರದ ಮೂಲೆಯಲ್ಲಿ, ಮ್ಯಾಟಿನ ಕೆಳಗೆ, ನಮ್ಮ ಅಟ್ಟದ ಹಲಗೆಗೆ ಹೆಬ್ಬೆರಳು ಹೋಗುವಷ್ಟು ತೂತುಗಳು. ಸುತ್ತ ಬೂದಿ ಚೆಲ್ಲಿತ್ತು. ಅಷ್ಟೇ. ಮರದ ತುಂಡಿಲ್ಲ, ಗಂಟಿಲ್ಲ, ಏನೂ ಇಲ್ಲ. ಸಾಗಿಸಿ ಆಗಿದೆ ಅಂದುಕೊಂಡೆ. ತೂತುಗಳು ಕೆಳಗಿನಿಂದ ಏನನ್ನೋ ಕಟ್ಟುವುದಕ್ಕೆ ಅಂದುಕೊಂಡೆ. ಒಳಗೆ ಇನ್ನೂ ಎರಡು ಮೊಳ ಮ್ಯಾಟು ಎತ್ತಿದ್ದರೆ ಬೇರೆ ಕಥೆ ಕಾಣುತ್ತಿತ್ತೇನೋ. ನನಗೆ ಬೇಕಾದದ್ದು ಸಿಕ್ಕಿತ್ತು, ಮುಂದಕ್ಕೆ ನೋಡಲಿಲ್ಲ.

ಅವನನ್ನು ಕರೆದೆ. ಅಂಗಳದಲ್ಲಿ ನಿಂತ.

"ಮ್ಯಾಟ್ ಯಾಕೆ ಎತ್ತಿದೆ?"

"ಒಣಗ್ಲಿ ಅಂತ ಕಣಕ್ಕ."

"ನಾಲ್ಕೂ ಕಡೆ ತಗಡು, ಮೇಲೂ ತಗಡು. ಒಂದು ಹನಿ ಮಳೆ ಒಳಗೆ ಬರಲ್ಲ. ಏನು ಒಣಗಿಸ್ತೀಯಪ್ಪ ನೀನು?"

ಅವನು ಅಂಗಳದ ನಲ್ಲಿಗೆ ಸಿಕ್ಕಿಸಿದ್ದ ಪೈಪಿನ ಕಡೆ ಒಂದು ಸಲ ನೋಡಿದ. ಕಣ್ಣು ತಪ್ಪಿಸುತ್ತಿದ್ದಾನೆ ಅಂದುಕೊಂಡೆ.

"ರಂಗೋಲಿ ಯಾಕೆ ತಿದ್ದಿದೆ?"

"ಪೂಜೆಗೆ ಬುಟ್ಟಿದ್ದೀರ ಅನ್ಕಂಡೆ. ಮ್ಯಾಟು ಎತ್ತುವಾಗ ಅಳ್ಸೋಯ್ತು. ಅಂಗೇ ಬುಟ್ರೆ ಚೆನ್ನಾಗಿರಲ್ಲ ಅಂತ ತಿರ್ಗ ಎಳ್ದೆ. ರಂಗೋಲಿ ಪುಡಿ ನನ್ತಾವ ಇರ್ನಿಲ್ಲ."

ಇದಕ್ಕಿಂತ ನಯವಾದ ಸುಳ್ಳು ನಾನು ಕೇಳಿರಲಿಲ್ಲ. "ತೂತು ಹೊಡೆಯೋಕೆ ಬೈರಿಗೆ ಮಾತ್ರ ಇತ್ತು ನಿನ್ನ ಹತ್ರ, ಅಲ್ವಾ?" ಅಂದೆ. ನೀರು ಇಳಿಯುವುದಕ್ಕೆ ಅಂತ ಏನೋ ಹೇಳಲು ಹೋದ. ನಾನು ಕೈ ಎತ್ತಿ ತಡೆದೆ. ಕೀ ಕೇಳಿದೆ. ಜೇಬಿನಿಂದ ತೆಗೆದು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಇಟ್ಟ. ಕೋಣೆಗೆ ಹೋಗಿ ಬಟ್ಟೆಯ ಚೀಲ ತಗೊಂಡು ಬಂದ. ಗೇಟಿನ ಹತ್ತಿರ ನಿಂತು ಅವನ ಮಟ್ಟಿಗೆ ಬಹಳ ಮಾತಾಡಿದ.

"ಕೆಲ್ಸ ಓದ್ರೆ ಓಯ್ತು ಅಕ್ಕ, ಎಲ್ಲಾದ್ರೂ ಸಿಕ್ತದೆ. ಕಳ್ಳ ಅಂತ ಮಾತ್ರ ಯಾರ್ಗೂ ಏಳ್ಬೇಡಿ. ನಮ್ ಹಾಡಿಯೋರ ಮ್ಯಾಲೆ ಆ ಮಾತು ಒಂದ್ಸಲ ಬಿದ್ರೆ ಇಳಿಯಾಕಿಲ್ಲ. ನಂಗೆ ಯಾರೂ ಸ್ಟೇರಿಂಗ್ ಕೊಡಾಕಿಲ್ಲ."

"ನಾನ್ಯಾಕೆ ಹೇಳಲಿ, ಹೋಗು" ಅಂದೆ. ಬಿಳಿಕೆರೆಯಲ್ಲಿ ಆಗಲೇ ಹೇಳಿ ಆಗಿತ್ತು. ಆ ಕ್ಷಣ ನನಗದು ನೆನಪಿರಲಿಲ್ಲ ಅಂತ ಬರೆಯಬಹುದು, ಯಾರೂ ಸಾಕ್ಷಿ ಇಲ್ಲ. ಆದರೆ ನೆನಪಿತ್ತು. ನೆನಪಿದ್ದೇ ಹೇಳಿದೆ.

ಅವನ ಜಾಗಕ್ಕೆ ಪಿರಿಯಾಪಟ್ಟಣ ಕಡೆಯಿಂದ ಒಬ್ಬನನ್ನು ಇಟ್ಟುಕೊಂಡೆ. ಹೇಳಿದ ಮಾತು ಮೀರದವನು. ಮ್ಯಾಟು ಮುಟ್ಟಬೇಡ ಅಂದರೆ ಅದರ ಕಡೆ ನೋಡುತ್ತಲೂ ಇರಲಿಲ್ಲ. ತೊಳಿ ಅಂದರೆ ತೊಳೆದ, ಬೀಗ ಹಾಕು ಅಂದರೆ ಹಾಕಿದ. ಸ್ಕ್ರೂಗಳ ತಲೆ ನಾಲ್ಕೂ ಕಡೆ ಒಂದೇ ಸಮ ತುಕ್ಕು ಹಿಡಿದವು. ಅದನ್ನು ನೋಡಿದಾಗೆಲ್ಲ ನನಗೆ ನೆಮ್ಮದಿ. ಮುಂಗಾರು ಬಂತು, ಹೊಗೆಸೊಪ್ಪಿನ ಪೈರು ನಾಟಿ ಮಾಡಿದ್ದಾಯಿತು, ಎಲೆ ಮುರಿದು ಬ್ಯಾರನ್ ಗೂಡಿನಲ್ಲಿ ಬೇಯಿಸಿದ್ದೂ ಆಯಿತು. ಆ ಮಧ್ಯೆ ಯಜಮಾನರು ಒಂದು ದಿನ ಊಟಕ್ಕೆ ಕೂತಾಗ, ಕೆ.ಆರ್. ನಗರದಲ್ಲಿ ಗದ್ದೆ ಇರುವವರೊಬ್ಬರು ಟ್ರ್ಯಾಕ್ಟರ್ ಓಡಿಸಲು ನಮ್ಮ ಹಳೇ ಡ್ರೈವರನ್ನು ಕರೆಸಿಕೊಂಡು, ವಿಷಯ ಕಿವಿಗೆ ಬಿದ್ದ ಮೇಲೆ ವಾಪಸ್ಸು ಕಳಿಸಿದರಂತೆ ಅಂದರು. "ಏನು ವಿಷಯ?" ಅಂದೆ. "ನಿನಗೆ ಗೊತ್ತಿರೋ ವಿಷಯವೇ" ಅಂದು ಅನ್ನಕ್ಕೆ ಸಾರು ಹಾಕಿಕೊಂಡರು.

ಮೊದಲ ಬೇಲುಗಳನ್ನು ಹರಾಜಿಗೆ ಕಳಿಸುವ ದಿನ, ಒಳಗೆ ಚೊಕ್ಕಟವಾಗಿದೆಯಾ ಅಂತ ನೋಡಲು ಟ್ರೇಲರ್ ಹತ್ತಿದೆ. ಮಧ್ಯಕ್ಕೆ ಬರುವ ಹೊತ್ತಿಗೆ ಕಾಲ ಕೆಳಗೆ ಮೆತ್ತಗೆ ಅನ್ನಿಸಿತು. ಹಾಸಿಗೆಯ ಮೇಲೆ ನಿಂತ ಹಾಗೆ. ಇನ್ನೊಂದು ಹೆಜ್ಜೆ ಇಟ್ಟೆ. ಮ್ಯಾಟು ಹರಿದು ಬಲಗಾಲು ತೊಡೆಯ ತನಕ ಕೆಳಗಿಳಿಯಿತು. ಸದ್ದೇ ಆಗಲಿಲ್ಲ. ಗಟ್ಟಿ ಮರ ಮುರಿದರೆ ಸದ್ದಾಗುತ್ತದೆ, ಇದು ನೆನೆದ ರಸ್ಕಿನ ಹಾಗೆ ಬಿಟ್ಟುಕೊಂಡಿತು. ಹೊಸ ಡ್ರೈವರೂ ಆಳುಗಳೂ ಸೇರಿ ಕಂಕುಳಿಗೆ ಕೈ ಹಾಕಿ ಎತ್ತಿದರು. ಮೊಣಕಾಲಿನಿಂದ ಮೇಲಕ್ಕೆ ಸಿಪ್ಪೆ ಸುಲಿದ ಹಾಗಾಗಿತ್ತು.

ಹಲಗೆ ಹಾಸಿದ್ದ ಹುಣಸೂರಿನ ಬಡಗಿಯೇ ಬಂದ. ಪಟ್ಟಿ ಬಿಚ್ಚಿ ಮ್ಯಾಟನ್ನು ಸುರುಳಿ ಸುತ್ತುತ್ತಾ ಹೋದ. ಕೆಳಗೆಲ್ಲ ಕಪ್ಪು ನೀರು, ಹಲಗೆಯ ಮೇಲೆ ಬಿಳೀ ಬೂಷ್ಟು, ಕೈಯಿಂದ ಹಿಂಡಿದರೆ ನಾರು ನಾರಾಗಿ ಬರುವ ಮರ. ನಮ್ಮವ್ವನ ಅಟ್ಟ. ಬಾಗಿಲ ಹತ್ತಿರದ ಮೂಲೆಗೆ ಬಂದಾಗ ಬಡಗಿ ನಿಂತ. ಸುತ್ತಿಗೆಯ ಹಿಡಿಯಿಂದ ಬಡಿದ. ಟಣ್ ಅಂತು.

"ಇದ್ಯಾರು ಮಾಡ್ದೋರು?" ಅಂದ. "ತಿಳ್ದೋರೇ ಮಾಡವ್ರೆ. ನೀರು ಇಳ್ದೋಗ್ಲಿ ಅಂತ ತಗ್ಗಿನ ಕಡೆಗೇ ತೂತು ಒಡ್ದವ್ರೆ. ತ್ಯಾವ ಈರ್ಕೊಳ್ಳಿ, ಹುಳ ಬೀಳ್ದೇ ಇರ್ಲಿ ಅಂತ ಬೂದಿ ಎರಚವ್ರೆ. ಆಗಾಗ ಮ್ಯಾಟು ಎತ್ತಿ ಬಿಸ್ಲು ಗಾಳಿ ಕೊಡ್ತಿದ್ರು ಅಂತ ಕಾಣ್ತದೆ. ಈ ಒಂದ್ ಬದಿ ಉಳ್ದದೆ. ಆಮೇಲ್ ಯಾಕ್ ಬುಟ್ಬುಟ್ರು?"

"ನೀರು ಎಲ್ಲಿಂದ ಬಂತು?" ಅಂತ ನಾನು ಕೇಳಿದೆ, ಗೊತ್ತಿದ್ದೂ.

ಬಡಗಿ ಪೈಪು ತೋರಿಸಿದ. "ತೊಳ್ದು ತೊಳ್ದು ಬಾಗ್ಲಾಕ್ಬುಟ್ರೆ ಅದು ಎಲ್ಲೋಯ್ತದೆ ಏಳಿ? ಸ್ಕ್ರೂ ತೂತಲ್ಲಿ ಇಳ್ದು ಮ್ಯಾಟಿನಡಿ ಕುಂತ್ಕತದೆ. ಶುಂಠಿ ಬ್ಯಾರೆ ಬೆವರ್ತದೆ. ನಾನ್ ಸಂದು ಬುಟ್ಟಿದ್ದೇ ಅದ್ಕೆ. ನೀವು ಅದ್ನೂ ಮುಚ್ಚುದ್ರಿ, ಶುಂಠಿ ಮಣ್ಣು ಇಳ್ದು ಸಂದೆಲ್ಲ ಕಟ್ಕತು."

ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಏನಾದರೂ ಅಂದಿದ್ದರೆ ನಾನೂ ಏನಾದರೂ ಅಂದು ಹಗುರಾಗುತ್ತಿದ್ದೆ. ನನಗೆ ಹಲಗೆಗಿಂತ ಹೆಚ್ಚಾಗಿ ಆ ಬೂದಿಯ ಎಳೆ ಕಣ್ಣಿಗೆ ಕಟ್ಟಿತು. ಪೂಜೆಯ ರಂಗೋಲಿ ಅಳಿಸಿಹೋಯಿತಲ್ಲ ಅಂತ ಹೆದರಿ, ಒಬ್ಬ ಗಂಡಸು ಬಗ್ಗಿ ಕೂತು ಬೂದಿಯಲ್ಲಿ ತಿದ್ದಿದ್ದಾನೆ. ಮ್ಯಾಟು ಮುಟ್ಟಬೇಡ ಅಂತ ನಾನು ಅಂದದ್ದಕ್ಕೆ ಕದ್ದು ಎತ್ತಿದ್ದಾನೆ, ಸಾಮಾನು ಕದಿಯಲು ಅಲ್ಲ. ನನಗೆ ನನ್ನ ಮೇಲೆ ಅಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ.

ತಪ್ಪು ನನ್ನದು, ನಾನೇ ಸರಿಮಾಡುತ್ತೇನೆ ಅಂತ ಹೊರಟೆ. ಕಾಲಿನ ಗಾಯಕ್ಕೆ ಬಟ್ಟೆ ಕಟ್ಟಿಕೊಂಡೇ ಬಿಳಿಕೆರೆಗೆ ಹೋದೆ. ಟೀ ಅಂಗಡಿಯವಳಿಗೆ ಎಲ್ಲ ಬಿಡಿಸಿ ಹೇಳಿದೆ, ಪೈಪಿನಿಂದ ಹಿಡಿದು ಬೂದಿಯ ತನಕ. ಅವಳು ಟೀ ಸೋಸುತ್ತಾ ಕೇಳಿಸಿಕೊಂಡಳು. ಮುಗಿದ ಮೇಲೆ ನನ್ನ ಮುಖವನ್ನೇ ನೋಡಿದಳು.

"ಆವತ್ತು ಅಂಗಂದ್ರಿ, ಇವತ್ತು ಇಂಗಂತೀರಿ. ಏನಾರ ಎದರ್ಸುದ್ನಾ ಅಕ್ಕ ಅವ್ನು?"

"ಹೆದರಿಸೋದು ಯಾಕೆ? ನಾನೇ ತಪ್ಪು ತಿಳ್ಕೊಂಡಿದ್ದೆ."

"ಉಂ" ಅಂದಳು. ಆ "ಉಂ" ನನಗೆ ಚೆನ್ನಾಗಿ ಗೊತ್ತು. ಜೀವಮಾನವೆಲ್ಲ ನಾನು ಬೇರೆಯವರಿಗೆ ಅಂದುಕೊಂಡು ಬಂದದ್ದು ಅದೇ. ಪಕ್ಕದ ಬೆಂಚಿನಲ್ಲಿ ಕೂತಿದ್ದವರೊಬ್ಬರು, ಆ ಕಳ್ಳಸಾಗಣೆಯಲ್ಲಿ ಈಯಮ್ಮನದೂ ಪಾಲಿತ್ತೇನೋ ಅನ್ನುವ ಹಾಗೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

ಕೆ.ಆರ್. ನಗರದ ಗದ್ದೆಯವರ ಮನೆಗೆ ಯಜಮಾನರನ್ನೂ ಕರೆದುಕೊಂಡು ಹೋದೆ. ಕಾಫಿ ಕೊಟ್ಟರು, ಮರ್ಯಾದೆಯಿಂದ ಮಾತಾಡಿದರು. "ಶ್ರೀಗಂಧ ಸಾಗಿಸ್ತಿದ್ದ ಅಂತ ನೀವೇ ಹೇಳಿದ್ರಂತಲ್ಲಮ್ಮ" ಅಂದರು. ನಾನು ಗಂಧ ಅನ್ನಲೇ ಇಲ್ಲ ಅಂದೆ. "ಮತ್ತೆ ಯಾವ ಮರ ಅಂದಿದ್ರಿ?" ಅಂತ ಕೇಳಿದರು. ಯಾವ ಮರವೂ ಇಲ್ಲ, ಅವನು ಏನನ್ನೂ ಸಾಗಿಸಲಿಲ್ಲ ಅಂತ ನಾನು ಅಂದಷ್ಟೂ ಅವರ ಮುಖದಲ್ಲಿ ನಗು ಜಾಸ್ತಿಯಾಯಿತು. "ಇರಲಿ ಬಿಡಿ, ನಮಗೆ ಬೇರೆ ಡ್ರೈವರ್ ಸಿಕ್ಕಿದ್ದಾನೆ" ಅಂದರು. ವಾಪಸ್ಸು ಬರುವ ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಕೂತೆ. ಯಜಮಾನರು ನನ್ನ ಕೈ ಮೇಲೆ ಕೈ ಇಟ್ಟರು, ಅದು ಇನ್ನೂ ಕಷ್ಟವಾಯಿತು.

ಸಂತೆ ದಿನ ನೋಡಿಕೊಂಡು ಅಂತರಸಂತೆಗೆ ಹೋದೆ, ಒಬ್ಬಳೇ. ಅವನನ್ನು ಹುಡುಕುವುದು ಕಷ್ಟವಾಗಲಿಲ್ಲ. ಸಂತೆಯ ಕೊನೆಯಲ್ಲಿ ಒಬ್ಬ ವ್ಯಾಪಾರಿ ಮುಸುಕಿನ ಜೋಳದ ಮೂಟೆಗಳನ್ನು ಲಾರಿಗೆ ತುಂಬಿಸುತ್ತಿದ್ದ. ಹೊರುತ್ತಿದ್ದ ನಾಲ್ಕೈದು ಜನರಲ್ಲಿ ಅವನೂ ಒಬ್ಬ. ತಲೆಗೆ ಗೋಣಿಯ ಕೊಪ್ಪೆ ಹಾಕಿಕೊಂಡಿದ್ದ. ಗಾಡಿ ಓಡಿಸುವ ಮನುಷ್ಯ ಬೆನ್ನು ಬಗ್ಗಿಸಿ ನಡೆಯುತ್ತಿದ್ದ. ನನ್ನನ್ನು ಕಂಡು ಹತ್ತಿರ ಬಂದ, ಕೊಪ್ಪೆ ತೆಗೆದು ಬೆವರು ಒರೆಸಿಕೊಂಡ.

"ಅಲಗೆ ಎಂಗವೆ ಅಕ್ಕ?" ಅಂದ ಮೊದಲಿಗೆ.

"ನೀನು ನೋಡ್ಕೊಂಡಿದ್ದ ಬದಿ ಮಾತ್ರ ಉಳೀತು. ಮಿಕ್ಕಿದ್ದೆಲ್ಲ ಹೋಯ್ತು."

ತಲೆ ಆಡಿಸಿದ. ಗೆದ್ದೆ ಅನ್ನುವ ಭಾವ ಅವನ ಮುಖದಲ್ಲಿ ಇರಲಿಲ್ಲ, ಮರ ಹೋಯಿತಲ್ಲ ಅನ್ನುವ ಬೇಜಾರೇ ಇತ್ತು. ನಾನು ತಪ್ಪಾಯಿತು ಅಂದೆ. ಬಿಳಿಕೆರೆಯಲ್ಲಿ ಹೇಳಿದವಳು ನಾನೇ ಅಂದೆ, ಗೇಟಿನ ಹತ್ತಿರ ಸುಳ್ಳು ಹೇಳಿದೆ ಅಂದೆ. ಗೊತ್ತು ಅನ್ನುವ ಹಾಗೆ ಸುಮ್ಮನೆ ಕೇಳಿಸಿಕೊಂಡ. ಹೊಸ ಹಲಗೆ ಹಾಕಿಸುತ್ತಿದ್ದೇನೆ, ಮ್ಯಾಟು ಬೇಡ, ಸಂದು ಬಿಟ್ಟು, ಮೇಲೆ ಗೋಣಿ ಹಾಸಿ, ಲೋಡು ಇಳಿದ ಮೇಲೆ ಗೋಣಿ ತೆಗೆದು ಬಿಸಿಲಿಗೆ ಹಾಕಿ, ನೀನು ಹೇಗೆ ಹೇಳುತ್ತೀಯೋ ಹಾಗೆ ಅಂದೆ. ಬಾ, ನಿನ್ನ ಸ್ಟೇರಿಂಗ್ ನಿನಗೇ, ನೀನು ನನ್ನ ಗಾಡಿ ಓಡಿಸುವುದನ್ನು ಜನ ನೋಡಲಿ, ಆಗ ಅವರ ಬಾಯಿ ಮುಚ್ಚುತ್ತದೆ ಅಂದೆ.

ಬರುತ್ತಾನೆ ಅಂತಲೇ ನಾನು ಅಂದುಕೊಂಡೆ.

"ಒಂದ್ ಮಾತು ಕೇಳ್ತೀನಿ ಅಕ್ಕ, ಬೇಜಾರ್ ಮಾಡ್ಕಬೇಡಿ. ನಾನ್ ಬಂದೆ ಅನ್ಕಳಿ. ನಾಳೆ ನಿಮ್ಮನೇಲಿ ಒಂದ್ ಸ್ಪ್ಯಾನರ್ ಕಾಣ್ನಿಲ್ಲ. ಮೊದ್ಲು ಯಾರ್ ಮುಖ ನೋಡ್ತೀರಿ?"

ಯಾರ ಮುಖವನ್ನೂ ನೋಡುವುದಿಲ್ಲ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವನು ಕಣ್ಣು ತಪ್ಪಿಸದೆ ನನ್ನನ್ನೇ ನೋಡುತ್ತಿದ್ದ. ಈ ಮನುಷ್ಯನಿಗೆ ಒಂದು ಸಲ ಸುಳ್ಳು ಹೇಳಿದ್ದೇ ಸಾಕು ಅನ್ನಿಸಿತು.

"ನಿನ್ನ ಮುಖಾನೇ" ಅಂದೆ.

"ದಿಟ ಏಳುದ್ರಿ" ಅಂದ. ಅವನಿಗೆ ಕೋಪವೇನೂ ಬಂದ ಹಾಗಿರಲಿಲ್ಲ. "ಅದ್ಕೇ ಬರಾಕಿಲ್ಲ ಕಣಕ್ಕ. ಈ ಸಂತೇಲಿ ಒರೋದು ಬೆನ್ ಮ್ಯಾಲೆ ಮಾತ್ರ, ಮನ್ಸಿನ್ ಮ್ಯಾಲಲ್ಲ." ಕೊಪ್ಪೆಯನ್ನು ಮತ್ತೆ ತಲೆಗೆ ಹಾಕಿಕೊಂಡು ಹೋದ.

ನಾನು ಅಲ್ಲೇ ನಿಂತಿದ್ದೆ. ಅವನು ಮೂಟೆ ಹೊತ್ತು ಲಾರಿಗೆ ಹಾಕಿದ. ಬೇರೆಯವರು ಹಾಕಿದಾಗ ಬೀಡಿ ಸೇದುತ್ತಾ ಆ ಕಡೆ ನೋಡುತ್ತಿದ್ದ ವ್ಯಾಪಾರಿ, ಇವನು ಹಾಕಿದ ಕೂಡಲೇ ಎದ್ದು ಹೋಗಿ, ಮೂಟೆಯ ಬಾಯಿಯ ಹೊಲಿಗೆಯನ್ನು ಬೆರಳಿನಲ್ಲಿ ಎಳೆದು ನೋಡಿದ. ಪ್ರತಿ ಸಲವೂ ಹಾಗೇ ಮಾಡಿದ. ಅವನಿಗೂ ಯಾರೋ ಹೇಳಿದ್ದರು, ಅವರಿಗೆ ಇನ್ಯಾರೋ. ಹಿಂದಕ್ಕೆ ಹಿಂದಕ್ಕೆ ಹೋದರೆ ಬಿಳಿಕೆರೆಯಲ್ಲಿ ಟೀ ಲೋಟ ಹಿಡಿದು ನಿಂತಿರುವವಳು ನಾನೇ.